ಪುಟ ತಿರುವುವ ಕೆಲಸ

ಮೊನ್ನೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಕೂತಿದ್ದೆ. ಮದುವೆಗೆ ಹೊರಟಿದ್ದ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಕೂತರು. ಅವರ ರೇಷ್ಮೆ ಸೀರೆಯಿಂದ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಆ ವಾಸನೆಗೆ ಬೀರು, ಬಟ್ಟೆ, ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಭಯ. ಎಡಗೈ ತಾನಾಗಿಯೇ ಮಡಿಲಿನಿಂದ ಎದ್ದು, ಏನನ್ನೋ ತಿರುವಲು ಸಿದ್ಧವಾಗಿ ನಿಂತಿತು. ಆಕೆ, ಪಾಪ, ನನಗೆ ಜಾಗ ಸಾಲದೇನೋ ಎಂದುಕೊಂಡು ಇನ್ನಷ್ಟು ಸರಿದು ಕೂತರು.

ನಾನು ಹುಟ್ಟಾ ಪುಕ್ಕಲಿ. ಹಗ್ಗ ಕಂಡರೂ ಹಾವು ಎನ್ನುವವಳು. ‘ಇವ್ಳು ತನ್ ನೆಳ್ಳು ಕಂಡ್ರೂ ಎದ್ರ್ಕತಳೆ’ ಎಂದು ನಮ್ಮವ್ವ ಕಂಡಕಂಡವರ ಮುಂದೆ ಆಡಿಕೊಳ್ಳುತ್ತಿದ್ದಳು. ಅಂಥವಳನ್ನು ಹುಡುಕಿ, ಲೋಕದಲ್ಲೇ ಅತಿ ಭಯದ ಕೆಲಸವೊಂದನ್ನು ಒಪ್ಪಿಸಿದವರು ನಮ್ಮ ಎದುರುಮನೆಯ ಅಕ್ಕ.

ಅಕ್ಕ ನಮ್ಮ ಭೀಮನಬೀಡಿನವರೇ. ಅವರ ಅಪ್ಪ ಊಟಿಯ ಶಾಲೆಯೊಂದರಲ್ಲಿ ಅಡುಗೆಗಿದ್ದರು. ಆ ಶಾಲೆಯಲ್ಲಿ ಒಂದು ಪಿಯಾನೋ ಇತ್ತಂತೆ. ಅಡುಗೆಯವನ ಮಗಳು ಅದರ ಮುಂದೆ ಕೂತಿದ್ದನ್ನು ಬಯ್ಯುವ ಬದಲು ಅಲ್ಲಿನ ಟೀಚರೊಬ್ಬರು ಕಲಿಸಿದರು. ಅಲ್ಲಿಂದ ಮುಂದಕ್ಕೆ ಯಾರ್ಯಾರೋ ಕೈ ಹಿಡಿದು ಹಡಗು ಹತ್ತಿಸಿದ ಹಾಗೆ, ಅಕ್ಕ ಸಮುದ್ರದಾಚೆಗೆ ಹೋದರು. ಅಲ್ಲೇ ಓದಿ, ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಛೇರಿ ಕೊಟ್ಟರು. ಅರವತ್ತು ದಾಟಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಊರಿಗೆ ಬಂದು, ಅಪ್ಪನ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಮದುವೆಯಾಗಿರಲಿಲ್ಲ. ಅಷ್ಟು ವರ್ಷ ಬೇರೆ ಭಾಷೆಯಲ್ಲಿ ಬದುಕಿದ್ದರಿಂದ ಅವರ ಕನ್ನಡ ಊರು ಬಿಟ್ಟಾಗ ಹೇಗಿತ್ತೋ ಹಾಗೇ ಉಳಿದಿತ್ತು. ನಾವೆಲ್ಲ ಟೀವಿ ನೋಡಿ ನಾಲಿಗೆ ತಿದ್ದಿಕೊಂಡಿದ್ದರೆ, ಫಾರಿನ್ನಿನಿಂದ ಬಂದ ಅಕ್ಕ ನಮ್ಮಜ್ಜಿಯ ಹಾಗೆ ಮಾತಾಡುತ್ತಿದ್ದರು.

ಪಿಯಾನೋ ಲಾರಿಯಲ್ಲಿ ಬಂದ ದಿನ ಬೀದಿಯೆಲ್ಲ ನೆರೆದಿತ್ತು. ‘ಇದ್ಯಾವ್ ಬೀರುಲಾ, ಬಾಗ್ಲೇ ಇಲ್ವಲ್ಲ’ ಎಂದು ಇಳಿಸುವವನೊಬ್ಬ ಕೇಳಿದ್ದಕ್ಕೆ ಅಕ್ಕ ಬಿದ್ದು ಬಿದ್ದು ನಕ್ಕಿದ್ದರು. ಅದರ ಹೊಟ್ಟೆಯೊಳಗೆ ಉಣ್ಣೆಬಟ್ಟೆಯ ಪಟ್ಟಿಗಳಿದ್ದವು. ಹುಳ ಹಿಡಿಯದಿರಲೆಂದು ನುಸಿಗುಳಿಗೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡುತ್ತಿದ್ದರು. ಮುಚ್ಚಳ ಎತ್ತಿದರೆ ಆ ವಾಸನೆ ಮನೆ ತುಂಬುತ್ತಿತ್ತು.

ನಾನಾಗ ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಹಾಲು ಅಳೆಯುವುದು, ನೀರು ಬೆರೆಸಿದ್ದಾರೋ ಎಂದು ಡಿಗ್ರಿ ನೋಡುವುದು. ಸಂಜೆಯ ಹಾಲು ಮುಗಿಸಿ ಅಕ್ಕನಿಗೆ ಅರ್ಧ ಲೀಟರು ಕೊಡಲು ಹೋಗುತ್ತಿದ್ದವಳು, ಅವರು ಬಾರಿಸುವುದನ್ನು ಕೇಳುತ್ತಾ ಬಾಗಿಲಲ್ಲೇ ಕೂತುಬಿಡುತ್ತಿದ್ದೆ. ಒಂದು ಸಂಜೆ ‘ಬಾ ಕಣಮ್ಮಿ, ಇಲ್ ನಿಂತ್ಕೊ’ ಎಂದು ಕರೆದು ಎಡಗಡೆ ನಿಲ್ಲಿಸಿಕೊಂಡರು. ಮುಂದೆ ಸ್ವರ ಬರೆದ ಹಳೆಯ ಪುಸ್ತಕ. ಹೊಲಿಗೆ ಬಿಟ್ಟು ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ಬಾರಿಸುವವರ ಎರಡು ಕೈಗೂ ಬಿಡುವಿರುವುದಿಲ್ಲ. ಅವರು ತಲೆ ಆಡಿಸಿದ ಕೂಡಲೇ ನಾನು ಪುಟ ತಿರುವಬೇಕು. ಒಂದು ಚೂರು ಮುಂಚೆಯೂ ಬೇಡ, ಒಂದು ಚೂರು ತಡವೂ ಬೇಡ. ಇಷ್ಟೇ ಕೆಲಸ. ನಾನು ನೋಟು ಎಣಿಸುವವಳ ಹಾಗೆ ಬೆರಳಿಗೆ ಎಂಜಲು ಹಚ್ಚಿಕೊಂಡದ್ದಕ್ಕೆ ಮೊದಲನೆಯ ದಿನವೇ ಬೈಸಿಕೊಂಡೆ.

ಸ್ವರಗಳನ್ನು ಓದಲು ನನಗೆ ಬರುತ್ತಿರಲಿಲ್ಲ. ಸಾಲು ಸಾಲು ಇರುವೆ ಹೊರಟ ಹಾಗೆ ಕಾಣುತ್ತಿತ್ತು. ಅದಕ್ಕೇ ಕಿವಿಯನ್ನು ನೆಚ್ಚಿಕೊಂಡೆ. ಯಾವ ಪುಟದ ಕೊನೆಗೆ ಯಾವ ನಾದ ಬರುತ್ತದೆ ಎಂದು ಮನಸ್ಸಿನಲ್ಲೇ ಗುನುಗಿಕೊಳ್ಳುತ್ತಾ, ಕಣ್ಣು ಅಕ್ಕನ ತಲೆಯ ಮೇಲೆ ಇಟ್ಟು ನಿಲ್ಲುತ್ತಿದ್ದೆ. ಒಂದು ದಿನ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ತಿರುಗಿದವು. ಅಕ್ಕನ ಕೈ ನಿಂತಿತು. ಮುಖ ಬಿಳುಚಿಕೊಂಡಿತು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಬೈಯಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಕೂತಿದ್ದರು.

ಆ ಹೊತ್ತು ಅಕ್ಕ ತಮ್ಮ ಕಥೆ ಹೇಳಿದರು. ದೊಡ್ಡ ಕಲಾವಿದರು ಒಬ್ಬರೇ ಬಾರಿಸುವಾಗ ಪುಸ್ತಕ ಇಟ್ಟುಕೊಳ್ಳುವುದಿಲ್ಲವಂತೆ. ಎಲ್ಲ ಬಾಯಿಪಾಠ, ಅಲ್ಲ, ಕೈಪಾಠ. ಒಂದು ಕಛೇರಿಯಲ್ಲಿ, ಇದೇ ಕೃತಿಯ ನಡುವೆ, ಮುಂದಿನದು ಅಳಿಸಿಹೋಯಿತು. ಕೈ ನಿಂತುಬಿಟ್ಟಿತು. ‘ಅಷ್ಟೂ ಜನ ಸುಮ್ಕೆ ಕೂತಿದ್ರು ಕಣಮ್ಮಿ. ಒಬ್ರೂ ಉಸ್ರು ಬುಡ್ನಿಲ್ಲ. ಎಲ್ರಿಗೂ ಗೊತ್ತಾಗೋಯ್ತು.’ ಆಮೇಲೆ ಎಲ್ಲಿ ಕೂತರೂ ಆ ಜಾಗ ಬರುವ ಮೊದಲೇ ನಡುಕ ಹತ್ತುತ್ತಿತ್ತು. ಪುಸ್ತಕ ಇಟ್ಟುಕೊಂಡು ಬಾರಿಸಿದರು. ಕರೆಯುವವರು ಕಡಿಮೆಯಾದರು. ಕೊನೆಗೆ ಗಂಟುಮೂಟೆ ಕಟ್ಟಿ ಊರಿಗೆ ಬಂದದ್ದೂ ಅದಕ್ಕೇ. ‘ಇದೊಂದುನ್ನ ಜನದ್ ಮುಂದೆ ಕೊನೆ ಮುಟ್ಟುಸ್ಬುಡ್ಬೇಕು. ಆಮೇಲ್ ಏನಾದ್ರೂ ಆಗ್ಲಿ’ ಎಂದರು. ಅಂದಿನಿಂದ ಅವರ ಭಯ ನನಗೂ ಅಂಟಿತು.

ಆ ಬೇಸಿಗೆಯಲ್ಲಿ ಚಾಮರಾಜನಗರದಿಂದ ಕೆಲವರು ಬಂದರು. ನಮ್ಮ ಜಿಲ್ಲೆಯ ಮಗಳು, ಸನ್ಮಾನ ಮಾಡುತ್ತೇವೆ, ಬಾರಿಸಲೇಬೇಕು ಎಂದರು. ಅಕ್ಕ ಎದ್ದು ಹೋಗಿ ಪಿಯಾನೋದ ಮುಚ್ಚಳ ಎತ್ತಿ ನೋಡಿ ಬಂದರು. ಆಮೇಲೆ ಒಪ್ಪಿಕೊಂಡು ಎರಡೇ ಷರತ್ತು ಹಾಕಿದರು. ಪುಟ ತಿರುವಲು ಈ ಹುಡುಗಿ ಬರಬೇಕು. ವೇದಿಕೆಯಲ್ಲಿ ಫ್ಯಾನು ಹಾಕಬಾರದು. ಒಲ್ಲೆ ಎನ್ನಲು ಬಾಯಿ ತೆರೆದೆ, ಅಕ್ಕನ ಮುಖ ನೋಡಿ ಮುಚ್ಚಿಕೊಂಡೆ.

ಪಿಯಾನೋ ಟೆಂಪೋದಲ್ಲಿ ಮುಂಚೆಯೇ ಹೋಯಿತು, ಮೈಸೂರಿನಿಂದ ಒಬ್ಬರು ಬಂದು ಶ್ರುತಿ ಕೂಡಿಸಿದರು. ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಅಕ್ಕ ಬಿಸಿನೀರಿನ ಪಾತ್ರೆಯೊಳಗೆ ಕೈ ಇಟ್ಟುಕೊಂಡು ಕೂತಿದ್ದರು. ಮೇ ತಿಂಗಳ ಸೆಖೆಯಲ್ಲೂ ಆ ಕೈ ಕೊರೆಯುತ್ತಿತ್ತು. ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಹುಲಿಗಮ್ಮ, ಮಾದಪ್ಪ, ಯಾರು ಯಾರಿಗೆ ಹರಕೆ ಹೊತ್ತೆನೋ...

ಸಭಾಂಗಣ ತುಂಬಿತ್ತು. ಅಕ್ಕ ಬಾರಿಸತೊಡಗಿದರು. ಒಂದು ಪುಟ, ಇನ್ನೊಂದು ಪುಟ. ತಲೆ ಆಡಿತು, ತಿರುವಿದೆ. ಆ ಜಾಗಕ್ಕೆ ಇನ್ನೂ ಕೆಲವು ಪುಟಗಳಿದ್ದವು. ಅಕ್ಕನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅದನ್ನು ಮುಂದಿನ ಸಾಲಿನಿಂದ ಕಂಡ ಹಿರಿಯರೊಬ್ಬರಿಗೆ ಕರುಳು ಚುರುಕ್ಕೆಂದಿರಬೇಕು. ‘ಅಯ್ಯೋ, ತಾಯಿ ಬೆಂದೋಗ್ತಾವ್ರೆ’ ಎನ್ನುತ್ತಾ, ನಿಲ್ಲುವ ಫ್ಯಾನೊಂದನ್ನು ತಾವೇ ಎಳೆದು ತಂದು, ನಮ್ಮ ಕಡೆ ತಿರುಗಿಸಿ ಸ್ವಿಚ್ಚು ಒತ್ತಿದರು.

ಹಾಳೆಗಳು ಎದ್ದವು. ಹಿಡಿಯಲು ಹೋದ ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು. ಮಿಕ್ಕವು ವೇದಿಕೆಯ ತುಂಬ ಉರುಳಾಡಿದವು. ಆ ಒಂದು ಹಾಳೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ. ಅಕ್ಕ ನಿಲ್ಲಿಸಲಿಲ್ಲ. ಬರೀ ಮರದ ಹಲಗೆಯನ್ನೇ ನೋಡುತ್ತಾ ಬಾರಿಸಿದರು. ನಾನು ಒಳಗೊಳಗೇ ಗುನುಗುತ್ತಾ ಹಿಂದೆ ಹಿಂದೆ ಹೋದೆ. ಬಂತು, ಆ ಜಾಗ ಬಂತು... ಅಕ್ಕನ ಕೈ ಮೇಲೆದ್ದಿತು. ಹಾಗೇ ಗಾಳಿಯಲ್ಲಿ ನಿಂತಿತು.

ಇಡೀ ಸಭಾಂಗಣದಲ್ಲಿ ಫ್ಯಾನಿನ ಸದ್ದೊಂದೇ. ಆಮೇಲೆ ಆ ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು. ಅವರ ಹಿಂದೆಯೇ ಎಲ್ಲರೂ ತಟ್ಟಿದರು. ಮುಗಿಯಿತೆಂದೇ ತಿಳಿದು, ಮನಸಾರೆ, ಎದ್ದು ನಿಂತು ತಟ್ಟಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕ ಕೈಮುಗಿದು ನಿಂತಿದ್ದರು. ಬದುಕಿಕೊಂಡೆವು ಎಂದು ನನಗೆ ಹೋದ ಜೀವ ಬಂದಂತಾಯಿತು.

ವಾಪಸು ಬರುವಾಗ ಕಾರಿನಲ್ಲಿ ಡ್ರೈವರು, ಅಕ್ಕ, ನಾನು. ತೆರಕಣಾಂಬಿ ದಾಟುವವರೆಗೂ ಅಕ್ಕ ಮಡಿಲಿನ ಶಾಲನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದರು. ಹೊರಗಿನ್ನೂ ಬೆಳಕಿತ್ತು. ‘ಒಬ್ರಿಗೂ ಗೊತ್ತಾಗ್ನಿಲ್ಲ’ ಎಂದರು ಅಕ್ಕ. ಒಳ್ಳೆಯದೇ ಆಯಿತಲ್ಲ ಎನ್ನಲು ತಿರುಗಿದೆ. ಆ ಮುಖದಲ್ಲಿದ್ದ ಹೆದರಿಕೆ ನಾನು ಅದುವರೆಗೆ ಕಂಡದ್ದಲ್ಲ.

‘ಅಲ್ಲಿ ಎಲ್ರಿಗೂ ಗೊತ್ತಾಯ್ತು ಅಂತ ಓಡ್ಬಂದೆ. ಇಲ್ಲಿ ನಿಂತ್ರೂ ಒಂದೇ, ಬಾರುಸ್ದ್ರೂ ಒಂದೇ ಅಂದ್ರೆ... ನಾ ಇಷ್ಟ್ ದಿನ ಎದ್ರ್ಕಂಡಿದ್ದು ಯಾರ್ಗಮ್ಮಿ?’

‘ನಂಗೊತ್ತಾಯ್ತು ಕಣಕ್ಕ’ ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು.

‘ಏನ್ ಗೊತ್ತಾಯ್ತು?’

‘ನೀವ್ ಮುಗುಸ್ನಿಲ್ಲ. ಮುಂದ್ಕೆ ಇನ್ನೂ ಅದೆ.’

‘ಏನದೆ? ಯೋಳು ನೋಡನ.’

ನನ್ನ ಕಂಠಕ್ಕೆ ಕಾಗೆಯೂ ನಾಚಬೇಕು. ಆದರೂ ಕಣ್ಣು ಮುಚ್ಚಿಕೊಂಡು, ಲಾ ಲಾ ಎಂದು ಆ ಜಾಗದಿಂದ ಮುಂದಿನದನ್ನು ಎತ್ತಿದೆ. ಡ್ರೈವರು ಕನ್ನಡಿಯಲ್ಲಿ ಇಣುಕಿದ. ಸ್ವಲ್ಪ ಹೊತ್ತಿಗೆ ಅಕ್ಕನ ಬೆರಳುಗಳು ಮಡಿಲಲ್ಲಿದ್ದ ಶಾಲಿನ ಮೇಲೆ ಓಡಾಡತೊಡಗಿದವು. ಒಮ್ಮೆ ದಾರಿ ಸಿಕ್ಕಿದ ಮೇಲೆ ನಾನು ತಡವರಿಸಿದರೂ ಅವು ತಡವರಿಸಲಿಲ್ಲ. ಗುಂಡ್ಲುಪೇಟೆಯ ದೀಪಗಳು ಕಾಣುವ ಹೊತ್ತಿಗೆ ಎರಡೂ ಕೈ ಶಾಲಿನ ಮೇಲೆ ಮೆಲ್ಲಗೆ ಇಳಿದು ನಿಂತವು.

‘ಮುಗೀತಾ ಅಕ್ಕೋರೆ?’ ಎಂದು ಡ್ರೈವರು ಕೇಳಿದ.

‘ಈಗ್ ಮುಗೀತು ಕಣಪ್ಪ’ ಎಂದು ಅಕ್ಕ ಅತ್ತರು. ನಾನೂ ಅತ್ತೆ.

ಆಮೇಲೆ ಅಕ್ಕ ಪುಸ್ತಕವನ್ನು ಕಟ್ಟಿಟ್ಟರು. ಸಂಜೆ ನಾನು ಹೋಗಿ ಕೂತರೆ ಬರಿಗೈಯಲ್ಲಿ ಬಾರಿಸುವರು. ನಿಂತಲ್ಲಿ ನಾನು ಗುನುಗಿದರೆ ಮುಂದಕ್ಕೆ ಹೋಗುವರು. ಮೊದಮೊದಲು ಅದೊಂದೇ ಜಾಗ. ಬರುಬರುತ್ತಾ ಬೇರೆ ಕಡೆಯೂ ನಿಲ್ಲತೊಡಗಿದರು. ಒಲೆಯ ಮೇಲೆ ಹಾಲಿಟ್ಟು ಮರೆತರು, ನಮ್ಮವ್ವನ ಹೆಸರು ಮರೆತರು. ವಯಸ್ಸಾಯಿತಲ್ಲ ಎಂದು ಬೀದಿಯವರು ನಕ್ಕು ಸುಮ್ಮನಾದರು. ನನಗೆ ನಗು ಬರಲಿಲ್ಲ. ದಿನಾ ಹಾಲು ಹಿಡಿದು ಆ ಹೊಸಿಲು ದಾಟುವಾಗ, ಇವತ್ತು ಎಲ್ಲಿ ನಿಲ್ಲುತ್ತಾರೋ ಎಂದು ಅದನ್ನೇ ಮನಸ್ಸಿನಲ್ಲಿ ಗುನುಗಿಕೊಳ್ಳುತ್ತಿದ್ದೆ. ಒಂದು ಸಂಜೆ ಶುರುವಿನಲ್ಲೇ ನಿಂತರು. ನಾನು ಗುನುಗಿದೆ. ಕೈ ಏಳಲಿಲ್ಲ. ಕತ್ತು ಓರೆ ಮಾಡಿ, ಕೊನೆಯವರೆಗೂ ಮುದ್ದಾಗಿ ಕೇಳಿಸಿಕೊಂಡರು.

‘ಸಂದಾಗದೆ ಕಣಮ್ಮಿ. ಎಲ್ ಕಲ್ತ್ಕಂಡೆ ಇದುನ್ನ?’

ಅವತ್ತಿನಷ್ಟು ನಾನು ಎಂದೂ ಹೆದರಿಲ್ಲ. ಮರುವರ್ಷ ಅಕ್ಕ ಹೋದರು. ಸಂಬಂಧಿಕರು ಬಂದು ಮನೆ ಮಾರಿದರು, ಪಿಯಾನೋ ಯಾರ ಪಾಲಾಯಿತೋ...

ನಾನೀಗಲೂ ಅದೇ ಡೈರಿಯಲ್ಲಿದ್ದೇನೆ. ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುವಾಗ, ನೆನಪಿದೆಯೋ ಇಲ್ಲವೋ ನೋಡೋಣವೆಂದು, ಅಕ್ಕ ಬಾರಿಸುತ್ತಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಗುನುಗಿಕೊಳ್ಳುತ್ತೇನೆ. ಅದು ಯಾರ ಕೃತಿ, ಅದಕ್ಕೆ ಏನು ಹೆಸರು, ಕೇಳಿಟ್ಟುಕೊಳ್ಳಬೇಕೆಂದು ಆಗ ತೋಚಿರಲಿಲ್ಲ. ಹೋದ ವಾರ ಅರ್ಧಕ್ಕೆ ನಿಂತುಹೋಯಿತು. ಹಿಂದಕ್ಕೆ ಹೋಗಿ ಮತ್ತೆ ಬಂದೆ. ಅಲ್ಲೇ ನಿಂತಿತು. ಇವತ್ತೂ ಅಲ್ಲೇ ನಿಂತಿತು. ಮುಂದಿನದನ್ನು ಎತ್ತಿಕೊಡಲು ಈ ಭೂಮಿಯ ಮೇಲೆ ನನಗೆ ಗೊತ್ತಿರುವವರು ಒಬ್ಬರೂ ಇಲ್ಲ. ಹಾಲು ತಂದವರು ಕ್ಯಾನು ಹಿಡಿದು ಸಾಲಿನಲ್ಲಿ ಕಾಯುತ್ತಿದ್ದರು. ನಾನು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.