ಮುಂಬಾಗಿಲ ಇಂಟು ಮಾರ್ಕು

ಕಳೆದ ವಾರ ತುಮಕೂರಿನ ಸತ್ಯಮಂಗಲದಲ್ಲಿ ನನಗೊಂದು ಸನ್ಮಾನವಾಯಿತು. ಆ ಶಾಲನ್ನು ಬೀರುವಿನಲ್ಲಿಡಲೂ ನಾಚಿಕೆಯಾಗುತ್ತಿದೆ.

ಗುಬ್ಬಿಯ ನನ್ನ ಸೋದರಮಾವ ಅಲ್ಲಿ ಸ್ಟೀಲ್ ಬಿಲ್ಡಿಂಗ್ ಕಟ್ಟಿಸುತ್ತಿದ್ದಾರೆ. ಕೆಳಗೆ ಟೈರ್ ಅಂಗಡಿ, ಮೇಲೆ ಅವರ ಮಗಳು ರೇಖಾಳ ಟೈಲರಿಂಗ್ ಯೂನಿಟ್. ಡಿಸೈನ್ ನನ್ನದು. (ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಎಷ್ಟು ಸಲ ಬರೆದಿದ್ದೇನೋ, ಇವತ್ತೂ ಬರೆದೆ.)

ಕಂಬ ನಿಲ್ಲಿಸುವ ಪೂಜೆ ಮುಗಿಯಿತು. ನೆಂಟರೆಲ್ಲರ ಮುಂದೆ ಮಾವ ನನಗೆ ಶಾಲು ಹೊದಿಸಿದರು.

"ಎಮ್ಮೆ ಮೇಯಿಸ್ತಿದ್ದೋರ ಮನೆ ಹುಡ್ಗಿ, ಬಿಲ್ಡಿಂಗ್ ನಿಲ್ಲಿಸ್ತಾವ್ಳೆ ನೋಡ್ರಪ್ಪ."

ಕಣ್ಣು ತುಂಬಿ ಬಂತು. ಆಮೇಲೆ ಅವರು ಡ್ರಾಯಿಂಗ್ ಬಿಡಿಸಿದರು.

"ಇದೇನಮ್ಮ, ಮುಂದ್ಗಡೆಗೇ ಇಂಟು ಮಾರ್ಕು? ಗಿರಾಕಿ ಬರೋ ಬಾಗ್ಲಿಗೇ ತಪ್ಪು ಅಂತ ಬರ್ದಂಗೈತೆ. ಅದ್ನೂ ತಗೊಂಡೋಗಿ ಹಿಂದ್ಗಡೆ ಗೋಡೆಗೇ ಹಾಕ್ಸ್‌ಬುಡು. ಲೆಕ್ಕ ಒಂದೇ ಅಲ್ವಾ?"

ಅವರು ಹೇಳುತ್ತಿದ್ದುದು ಬ್ರೇಸಿಂಗ್ ಬಗ್ಗೆ. ಕಂಬಗಳ ನಡುವೆ ಓರೆಯಾಗಿ ಕೂಡಿಸುವ ಉಕ್ಕಿನ ಪಟ್ಟಿಗಳು. ಭೂಮಿ ನಡುಗಿದಾಗ ಬಿಲ್ಡಿಂಗ್ ವಾಲದಂತೆ ಹಿಡಿಯುವುದು ಅವೇ.

ಲೆಕ್ಕ ಒಂದೇ ಅಲ್ಲ. ನಾಲ್ಕೂ ಕಡೆ ಸರಿದೂಗುವಂತೆ ಹಂಚಬೇಕು. ಹಿಂದೆ ಮಾತ್ರ ಬಿಗಿದು ಮುಂದೆ ಬಿಟ್ಟರೆ, ಹಿಂಭಾಗ ಬಾಗಿಲಿನ ಕೀಲಿನಂತೆ ನಿಲ್ಲುತ್ತದೆ, ಮುಂಭಾಗ ಕದದಂತೆ ಬೀಸುತ್ತದೆ. ಇಡೀ ಬಿಲ್ಡಿಂಗ್ ತಿರುಚಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದವಳು ಏನೆಂದೆ?

"ಆಗ್ಲಿ ಮಾವ."

ಊಟಕ್ಕೆ ರೇಖಾ ಪಕ್ಕದಲ್ಲೇ ಕೂತಳು. "ಮೇಲ್ಗಡೆ ಕೂತು ಹೊಲಿಯಕ್ಕೆ ನಮ್ ಹೆಂಗಸ್ರು ಹೆದರ್ತಿದ್ರು ಕಣಕ್ಕ, ತಗಡಿನ ಡಬ್ಬ ಅಂತ. ನಮ್ಮಕ್ಕಂದೇ ಡಿಸೈನು ಅಂದೆ, ಸುಮ್ನಾದ್ರು. ಮಿಷನ್ನೆಲ್ಲ ಮುಂದ್ಗಡೆಗೇ ಹಾಕ್ಸ್ತೀನಿ, ಬೆಳಕು ಚೆನ್ನಾಗೈತೆ."

ಮುಂದ್ಗಡೆಗೇ. ಬೀಸುವ ಕಡೆಗೇ. ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದೆ.

ತುಮಕೂರಲ್ಲಿ ಎಲ್ಲಿ ಭೂಕಂಪ ಆಗುತ್ತಮ್ಮ ಅಂತ ನೀವು ಕೇಳಬಹುದು. ಕುಣಿಗಲ್‌ನ ಮನೆ ಸೇರುವ ತನಕ ಬಸ್ಸಿನಲ್ಲಿ ನಾನೂ ಅದನ್ನೇ ಹೇಳಿಕೊಂಡೆ. ಆಗಲಾರದು ಅನ್ನುವ ಧೈರ್ಯದ ಮೇಲೆ ಕಟ್ಟುವುದಾದರೆ ಇಂಜಿನಿಯರ್ ಯಾಕೆ ಬೇಕು?

ಸೋಮವಾರ ವಾಪಸ್ ಹೋದೆ. ಪುಣ್ಯಕ್ಕೆ ವೆಲ್ಡಿಂಗ್ ಶುರುವಾಗಿರಲಿಲ್ಲ.

"ಮಾವ, ಅವತ್ತು ನಾನು ಹೂಂ ಅಂದಿದ್ದು ತಪ್ಪು. ಮುಂದ್ಗಡೆನೂ ಬ್ರೇಸಿಂಗ್ ಬೇಕೇ ಬೇಕು. ಇಲ್ದಿದ್ರೆ ಭೂಮಿ ಅಲುಗಿದ್ರೆ ರೇಖಾ ಕೂರೋ ಕಡೆನೇ ಮೊದ್ಲು ಹೋಗೋದು."

ಅವರು ಮುಖ ಗಂಟಿಕ್ಕಿದರು. ಇಂಟು ಮಾರ್ಕಿನ ಬದಲು, ಎರಡು ಓರೆ ಪಟ್ಟಿ ಮೇಲೆ ತೊಲೆಯ ನಡುವಿಗೆ ಬಂದು ಕೂಡುವಂತೆ ಬರೆದು ತೋರಿಸಿದೆ. ತೊಲೆ ಇನ್ನಷ್ಟು ಗಟ್ಟಿ ಬೇಕು, ಅಷ್ಟೇ. ಕೆಳಗೆ ಬಾಗಿಲಿಗೂ ಜಾಗ ಸಿಗುತ್ತದೆ.

ಮಾವ ಹಾಳೆಯನ್ನು ಬೆಳಕಿಗೆ ಹಿಡಿದರು. "ಗೋಪುರ್ದಂಗೈತಲ್ಲಮ್ಮ. ಇದ್ನ ಅವತ್ತೇ ಹೇಳಕ್ಕೆ ನಿಂಗೇನಾಗಿತ್ತು?"

ಶಾಲು ಬೆಚ್ಚಗಿತ್ತು ಎನ್ನಲೇ?