ನೀಲಿ ಡ್ರಮ್ಮಿನ ಹವಾಲ್ದಾರ

ಏಳನೆಯ ತರಗತಿಯಲ್ಲಿ ನಾನು ಭೂಪಟದ ಮೇಲೆ ಲೆಬನಾನ್ ತೋರಿಸು ಎಂದರೆ ಗುರುಪಾದಸ್ವಾಮಿ ಆಫ್ರಿಕಾದ ಮೇಲೆ ಬೆರಳಿಟ್ಟಿದ್ದನು. ಮುಂದೆ ಸೈನ್ಯ ಸೇರಿ ಹವಾಲ್ದಾರನಾದನು; ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಡನೆ ಅದೇ ಲೆಬನಾನಿನಲ್ಲಿ ಒಂದು ವರ್ಷ ಇದ್ದು ಬಂದನು. ಈಗ ನಿವೃತ್ತನಾಗಿ ಚಂದಕವಾಡಿಯ ಹತ್ತಿರದ ನಮ್ಮ ಊರಿನಲ್ಲಿ ಅರಿಸಿನ ಬೆಳೆಯುತ್ತಾನೆ, ಅವನ ಹಳೆಯ ಮೇಷ್ಟರಾದ ನನಗೇ ಭೂಗೋಳ ಹೇಳಿಕೊಡುತ್ತಾನೆ.

ಪತ್ರಿಕೆಯಲ್ಲಿ ಪಶ್ಚಿಮ ಏಷ್ಯಾದ ಸುದ್ದಿ ಬಂದ ದಿನ ಟೀ ಅಂಗಡಿಯ ರಾಜಣ್ಣ ಅವನನ್ನು ಬಿಡುವುದಿಲ್ಲ. ಹಾಗೇ ಒಂದು ದಿನ ಶುರು ಮಾಡಿದನು.

“ಅಲ್ಲ ಕಣ್ಲಾ ಗುರುಪಾದ, ಯಾರ್ದೋ ಜಗಳಕ್ಕೆ ನಮ್ಮ ಸೈನ್ಯ ಯಾಕ್ ಓಗ್ಬೇಕು? ಒಡೆದಾಡ್ಕಳ್ಲಿ ಬುಡು.”

“ಎರಡು ಕಡೆಯೋರೂ ನಂಬೋ ಒಬ್ಬ ಬೇಕಲ್ಲಣ್ಣ. ಅಂಥೋನು ಅನ್ನಿಸ್ಕಂಡ್ರೆ ದೇಶಕ್ಕೂ ಮರ್ಯಾದೆ. ಬಂದೂಕ ಇಟ್ಕಂಡು ಆರಿಸ್ದೆ ನಿಲ್ಲೋದು ಸುಲಭ ಅಂದ್ಕಂಡಿದ್ದೀಯಾ?”

“ಅಂಗಾದ್ರೆ ನಿನ್ನ ಬಾಮೈದನ ಗಡಿ ಕಾಯಿ, ನೋಡನ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗುರುಪಾದನ ಹೆಂಡತಿ ಗಂಗಾಂಬಿಕೆಗೆ ಊರಿನೊಳಗೇ ತವರು. ಅವಳ ತಮ್ಮ ಶಿವಶಂಕರನಿಗೂ ಪಕ್ಕದ ಹೊಲದ ಮರಿಮಲ್ಲಪ್ಪನಿಗೂ ನಡುವಿನ ಬದುವಿನ ವಿಷಯದಲ್ಲಿ ಎರಡು ವರ್ಷಗಳಿಂದ ಮಾತು ನಿಂತಿತ್ತು.

ಮರುದಿನವೇ ಗುರುಪಾದ ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಆ ಬದುವಿನ ಮೇಲೆ ನಿಲ್ಲಿಸಿದನು. ಲೆಬನಾನಿನ ಗಡಿಗೆರೆಯನ್ನು ನೀಲಿ ಪೀಪಾಯಿಗಳಿಂದಲೇ ಗುರುತಿಸಿದ್ದಾರಂತೆ. ಇತ್ಯರ್ಥವಾಗುವವರೆಗೆ ಇಬ್ಬರೂ ಅದನ್ನು ದಾಟಬಾರದು ಎಂದನು. ಬೆಳಿಗ್ಗೆ ಮರಿಮಲ್ಲಪ್ಪನ ಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದರೆ, ಬಾಮೈದನ ಮನೆಯಲ್ಲಿಯೂ ಅಳೆದು ಅರ್ಧ ಲೋಟವೇ.

ಗಂಗಾಂಬಿಕೆ ಸಿಡಿದಳು. “ನನ್ನ ತಮ್ಮನಿಗೆ ನ್ಯಾಯ ತಪ್ಪಿ, ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರದೇ ಓದ್ರೆ, ಆ ಡ್ರಮ್ಮಿಗೇ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡ್ತೀನಿ, ನೋಡ್ತಿರಿ!”

ಹಬ್ಬಕ್ಕೆ ಹನ್ನೆರಡು ದಿನವಿತ್ತು. ಆ ರಾತ್ರಿ ಗುರುಪಾದ ಊಟ ಅರ್ಧಕ್ಕೇ ಬಿಟ್ಟೆದ್ದನೆಂದು ಆಮೇಲೆ ಅವಳೇ ನನಗೆ ಹೇಳಿದಳು.

ಭಾನುವಾರ ಪಂಪ್ ಮನೆಯ ನೆರಳಿನಲ್ಲಿ ಸಭೆ ಸೇರಿತು. ನಡಾವಳಿ ಬರೆಯುವ ಕೆಲಸ ನನ್ನದು. ಗುರುಪಾದ ಲೆಬನಾನಿನ ನಿಯಮವನ್ನೇ ಹೇಳಿದನು: ಎದುರಾಳಿಗಳು ಒಂದೇ ಕಡೆ ಕೂರಬೇಕು, ಆದರೆ ಒಬ್ಬರೊಡನೊಬ್ಬರು ಮಾತಾಡಬಾರದು, ಹೇಳುವುದನ್ನೆಲ್ಲ ನಡುವಿನವನಿಗೇ ಹೇಳಬೇಕು.

ಮರಿಮಲ್ಲಪ್ಪ ಶುರು ಮಾಡಿದನು. “ಆ ಕಳ್ಳನ್ನ ಕೇಳಿ, ಟಿಲ್ಲರ್ ಒಡೆದು ಒಡೆದು ನನ್ನ ಒಲ ನುಂಗಿದ್ದು ಅರಗ್ತಾ ಅಂತ!”

ಗುರುಪಾದ ಬಾಮೈದನ ಕಡೆ ತಿರುಗಿ ಶಾಂತವಾಗಿ ಹೇಳಿದನು: “ಬದು ಸ್ವಲ್ಪ ಸರಿದಿರಬಹುದೆಂದು ಅವರ ಅಭಿಪ್ರಾಯ.”

“ಅವನ ಎತ್ತು ನನ್ನ ಅರಿಸಿನ ತುಳಿಯೋವಾಗ ಅವನ ಕಣ್ಣಿಗೆ ಮಣ್ಣು ಬಿದ್ದಿತ್ತಾ?”

“ಎತ್ತುಗಳ ಓಡಾಟದ ಬಗ್ಗೆ ಇವರು ಕಳವಳ ವ್ಯಕ್ತಪಡಿಸಿದ್ದಾರೆ.”

ನಾನು ಅದನ್ನೇ ಬರೆದುಕೊಂಡೆನು. ಹೀಗೆ ಅರ್ಧ ಗಂಟೆ ನಡೆಯಿತು. ಕೊನೆಗೆ ಮರಿಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

“ಲೋ ಶಿವಶಂಕರ, ನಾನು ಅಭಿಪ್ರಾಯ ಗಿಭಿಪ್ರಾಯ ಅನ್ನಲಿಲ್ಲ ಕಣ್ಲಾ! ಕಳ್ಳ ಅಂದೆ!”

“ಕೇಳಿಸ್ತು ಕಣ್ಲಾ! ಮೂರಡಿ ದೂರದಲ್ಲಿ ಕೂತಿವ್ನಿ, ನಾನೇನು ಕಿವುಡನಾ?”

ಎರಡು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮರಿಮಲ್ಲಪ್ಪನ ಮೀಸೆ ಮೊದಲು ಅಲುಗಿತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವಿನ ಬಿಸಿಯಲ್ಲೇ ಹಾರೆ ಹಿಡಿದು, ಮಣ್ಣಿನಲ್ಲಿ ಹೂತಿದ್ದ ಹಳೆಯ ಸರ್ವೆ ಕಲ್ಲುಗಳನ್ನು ಹುಡುಕಿ ತೆಗೆದರು. ಟೇಪು ಹಿಡಿದವನು ಗುರುಪಾದ. ಶಿವಶಂಕರ ಅವನ ಮುಖವನ್ನೇ ನೋಡುತ್ತಿದ್ದನು.

“ಏನ್ ಭಾವ?”

ಗುರುಪಾದ ಟೇಪನ್ನು ಎರಡನೆಯ ಸಲ ನೋಡಿದನು. “ಒಂದೂವರೆ ಅಡಿ. ಮರಿಮಲ್ಲಪ್ಪನಿಗೆ ಸೇರಬೇಕು.”

ಶಿವಶಂಕರ ತಕರಾರು ಮಾಡಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಭಾವನಿಗೆ ಒಂದು ಮಾತನ್ನೂ ಹೇಳದೆ ಹೊರಟುಹೋದನು. ಅದೇ ವಾರ ಬದು ಕಲ್ಲಿನ ನೇರಕ್ಕೆ ಬಂದಿತು. ಶಿವಶಂಕರ ಮಾತ್ರ ಅಕ್ಕನ ಬೀದಿಗೆ ಬರಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಗಂಗಾಂಬಿಕೆ ಬಾಗಿಲು ನೋಡುತ್ತ ನಿಂತಿದ್ದಳು. ಗುರುಪಾದ ಹಜಾರದಲ್ಲಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದನು. ಆಗ ಬಂದವನು ಮರಿಮಲ್ಲಪ್ಪ. ಅವನ ಕೈಯಲ್ಲಿ ಬಾಗಿನದ ಮೊರ!

“ನಿನ್ನ ತಮ್ಮ ಕಳಿಸವ್ನೆ ಕಣಮ್ಮಿ. ಭಾವನ ಮ್ಯಾಲೆ ಇನ್ನೂ ಕ್ವಾಪ ಐತಂತೆ, ಮಾತಾಡಲ್ಲವಂತೆ. ಅದ್ಕೆ ನಡುವೆ ನಾನು.”

ಗಂಗಾಂಬಿಕೆ ಮೊರವನ್ನು ಕಣ್ಣಿಗೊತ್ತಿಕೊಂಡಳು. ಗುರುಪಾದ ಮೆಲ್ಲನೆ ಎದ್ದು ಬಂದನು.

“ನನಗೇನಾದರೂ ಹೇಳಿದನಾ?”

ಮರಿಮಲ್ಲಪ್ಪ ಗಂಟಲು ಸರಿಮಾಡಿಕೊಂಡು, ಪಂಪ್ ಮನೆಯಲ್ಲಿ ಕಲಿತ ಗಂಭೀರ ದನಿಯಲ್ಲಿ ಹೇಳಿದನು:

“ತಾವು ಕ್ಷೇಮವಾಗಿರಬೇಕೆಂದು ಅವರು ಹಾರೈಸಿದ್ದಾರೆ.”

“ನಿಜವಾಗಿ ಏನಂದ?”

“ಅದು ಬ್ಯಾಡ ಬುಡು, ಹಬ್ಬದ ದಿನ.”