ಕೈಗೂ ಒಂದು ಆಯುಧಪೂಜೆ

ನಾನು ಸೋಮಾರಿ. ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ, ಜಂಬ ಎಂದೇ ತಿಳಿಯಿರಿ. ಮಾಡಿದ ಕೆಲಸವನ್ನೇ ಎರಡನೇ ಸಲ ಮಾಡು ಎಂದರೆ ನನಗೆ ಆಕಳಿಕೆ ಬರುತ್ತದೆ. ಮೂರನೇ ಸಲಕ್ಕೆ ಸಿಟ್ಟೇ ಬರುತ್ತದೆ. ನಮ್ಮೂರು ಹುಂಚದ ಮನೆಯಲ್ಲಿ ಅಮ್ಮ ಇದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಿದ್ದಳು. ಹೆಸರನ್ನೂ ಗುಣವನ್ನೂ ಇವತ್ತಿನವರೆಗೆ ಜೋಪಾನ ಮಾಡಿಕೊಂಡು ಬಂದಿದ್ದೇನೆ.

ಇಂಥವಳನ್ನು ಎಂಬತ್ತರ ದಶಕದ ಕೊನೆಯಲ್ಲಿ ಸಾಗರದ ಒಂದು ಸಹಕಾರಿ ಸಂಘದವರು ಕೆಲಸಕ್ಕೆ ತೆಗೆದುಕೊಂಡರು. ಅದೂ ಒಂದೇ ಕೆಲಸವನ್ನು ದಿನವಿಡೀ ಮಾಡುವುದಕ್ಕೆ! ಆಗಷ್ಟೇ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಅದರ ಕೋಣೆಗೆ ಹೋಗಬೇಕಿತ್ತು. ಹೊಸನಗರ, ತೀರ್ಥಹಳ್ಳಿ ಶಾಖೆಗಳ ಅಡಿಕೆ ತೂಕ, ದರ, ದಾಸ್ತಾನಿನ ಶೀಟುಗಳು ಫ್ಲಾಪಿಯಲ್ಲಿ ಕೂತು ಬಸ್ಸಿನ ಡ್ರೈವರ್ ಕೈಯಲ್ಲಿ ಬರುತ್ತಿದ್ದವು. ನಮ್ಮ ಕಡೆ ಔಷಧಿ, ಹೂವಿನ ದಂಡೆ, ಜಾತಕ ಎಲ್ಲವೂ ಡ್ರೈವರ್ ಕೈಯಲ್ಲೇ ಬರುವುದರಿಂದ ಇದು ಯಾರಿಗೂ ವಿಶೇಷ ಎನಿಸಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಶಾಖೆಗಳಲ್ಲಿದ್ದ ಪ್ರೋಗ್ರಾಮೇ ಒಂದು, ಶಿವಮೊಗ್ಗದ ಕೇಂದ್ರ ಕಚೇರಿಯಲ್ಲಿದ್ದದ್ದೇ ಇನ್ನೊಂದು. ಇವರ ಫೈಲು ಅವರಲ್ಲಿ ತೆರೆಯದು. ನಡುವೆ ಕೂತ ನಾನು ಒಂದೊಂದೇ ಫೈಲು ತೆರೆದು, ಶಿವಮೊಗ್ಗದವರಿಗೆ ಒಗ್ಗುವ ರೂಪದಲ್ಲಿ ಉಳಿಸಿ, ಹೊಸ ಹೆಸರು ಕೊಟ್ಟು, ಮುಚ್ಚಿ, ಮುಂದಿನದನ್ನು ತೆರೆಯಬೇಕು. ಒಂದು ವಾರಕ್ಕೆ ನನ್ನ ಸೋಮಾರಿತನ ಎದ್ದು ನಿಂತಿತು. ಕಂಪ್ಯೂಟರಿನ ಜೊತೆ ಬಂದಿದ್ದ, ಯಾರೂ ಬಿಚ್ಚದ ದಪ್ಪ ಪುಸ್ತಕವನ್ನು ಬಿಚ್ಚಿದೆ. ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟು ಅದಕ್ಕೊಂದು ಹೆಸರು ಕೊಟ್ಟರೆ, ಆ ಹೆಸರು ಹೇಳಿದ ಕೂಡಲೇ ಯಂತ್ರ ಸಾಲಾಗಿ ಎಲ್ಲವನ್ನೂ ತಾನೇ ಮಾಡುತ್ತದಂತೆ. ತಿಣುಕಿ ತಿಣುಕಿ ಬರೆದೆ. ಅಡುಗೆ ಎಂಬ ಹೆಸರಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಅಡುಗೆ ಎಂದು ಹೊಡೆದು ಎಂಟರ್ ಒತ್ತಿದರೆ ಫೈಲುಗಳೆಲ್ಲ ತಾವೇ ಬೆಂದು ಇಳಿಯುತ್ತಿದ್ದವು. ನಾನು ಕೈಕಟ್ಟಿ ಕೂತೆ. ಆಹಾ, ಏನು ಸುಖ!

ಆ ಸುಖ ಮ್ಯಾನೇಜರ್ ಭಟ್ಟರ ಕಣ್ಣಿಗೆ ಬಿತ್ತು. ಭಟ್ಟರು ಕೆಟ್ಟವರಲ್ಲ. ಆದರೆ ಕೈ ಆಡುತ್ತಿದ್ದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಕೆಲಸ.

“ಎಂತದಮ್ಮಾ ಇದು? ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಹಿರಿಯರು ಸುಮ್ನೆ ಹೇಳಿದಾರಾ? ಒಂದೊಂದೇ ಫೈಲು ಕೈಯಾರೆ ಮಾಡು. ಎಲ್ಲಾ ಅದೇ ಮಾಡೋದಾದ್ರೆ ದೀಪಾವಳಿ ಕಳೆದ್ಮೇಲೆ ನೀನು ಬರೋದೇ ಬೇಡ.”

ನನ್ನದು ತಾತ್ಕಾಲಿಕ ನೇಮಕ. ಕೆಲಸ ಹೋದರೆ ನನ್ನ ಜಾತಕವನ್ನು ಯಾವುದಾದರೂ ಡ್ರೈವರ್ ಕೈಗೆ ಕೊಡಲು ಅಮ್ಮ ತುದಿಗಾಲಲ್ಲಿ ನಿಂತಿದ್ದಳು. ಪಕ್ಕದ ಮೇಜಿನ ಟೈಪಿಸ್ಟ್ ಸರೋಜಕ್ಕ ಗದರಿದಳು, “ಕೂತ ಕೊಂಬೆ ಕಡೀತಿದೀಯಲ್ಲೇ ಮಾರಾಯ್ತಿ! ಅವ್ರು ಬಂದಾಗ ಸುಮ್ನೆ ಕೀ ಕುಟ್ತಾ ಇರು.”

ಕುಟ್ಟಲಿಲ್ಲ. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಕೆಲಸ ಮಾಡುವುದಕ್ಕಿಂತ ಮಾಡಿದ ಹಾಗೆ ನಟಿಸುವುದಕ್ಕೆ ಹೆಚ್ಚು ಶ್ರಮ ಬೇಕು. ಅದು ನನ್ನ ಧರ್ಮಕ್ಕೆ ವಿರುದ್ಧ. ಅಲ್ಲದೆ ಆ ಗಾದೆಯ ಮೇಲೆ ನನಗೆ ಚಿಕ್ಕಂದಿನಿಂದಲೂ ಗುಮಾನಿ. ಕೆಸರಾದ ಕೈಗಳನ್ನು ಎಷ್ಟೋ ನೋಡಿದ್ದೇನೆ. ಮೊಸರು ತಿಂದ ಬಾಯಿ ಮಾತ್ರ ಬಹಳ ಸಲ ಬೇರೆ ಯಾರದೋ ಆಗಿರುತ್ತಿತ್ತು. ಭಟ್ಟರು ಬಂದಾಗಲೂ ಕೈಕಟ್ಟಿಯೇ ಕೂತೆ.

ದೀಪಾವಳಿಗಿಂತ ಮೊದಲು ಆಯುಧಪೂಜೆ ಬಂತು. ರಜೆಯ ಹಿಂದಿನ ದಿನ ಮಧ್ಯಾಹ್ನ ಕಚೇರಿಯಲ್ಲಿ ಪೂಜೆ. ತಕ್ಕಡಿ, ಟೈಪ್‌ರೈಟರ್, ಜೀಪು, ಎಲ್ಲಕ್ಕೂ ಕುಂಕುಮ. ಕಂಪ್ಯೂಟರಿಗೆ ಸೇವಂತಿಗೆ ಹಾರ. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ಮಂಗಳಾರತಿ ತಟ್ಟೆ ಇನ್ನೂ ಬಿಸಿ ಇತ್ತು, ಶಿವಮೊಗ್ಗದಿಂದ ಟ್ರಂಕ್ ಕಾಲ್ ಬಂತು: ಎರಡೂ ಶಾಖೆಗಳ ಫೈಲುಗಳು ಸಂಜೆ ಬಸ್ಸಿಗೇ ಬರಬೇಕು.

ಭಟ್ಟರು ಬೆವರಿದರು. “ಒಂದು ನಮಸ್ಕಾರ ಹಾಕಿ ಶುರು ಮಾಡಮ್ಮಾ. ದೇವ್ರು ಏನೂ ಅಂದ್ಕಳಲ್ಲ.”

ಆಗ ನನಗೆ ಅಮ್ಮ ನೆನಪಾದಳು. ಮನೆಯಲ್ಲಿ ಆಯುಧಪೂಜೆಯ ದಿನ ಕತ್ತಿ, ಹಾರೆ, ತರಕಾರಿ ಹೆಚ್ಚುವ ಮೆಟ್ಟುಗತ್ತಿ ಎಲ್ಲಕ್ಕೂ ಕುಂಕುಮ ಇಟ್ಟು ಮಣೆಯ ಮೇಲೆ ಮಲಗಿಸುತ್ತಾರೆ. ಅಮ್ಮ ಮಾತ್ರ ಪೂಜೆಗಿಡದ ಒಂದು ಮೊಂಡು ಚಾಕು ಹುಡುಕಿಕೊಂಡು ಅದರಲ್ಲೇ ತಿಣುಕುತ್ತಾ ಹಬ್ಬದಡುಗೆಗೆ ಸಿಹಿಗುಂಬಳ ಹೆಚ್ಚುತ್ತಿದ್ದಳು. ಕಬ್ಬಿಣಕ್ಕೆ ರಜೆ, ಅವಳ ಕೈಗಿಲ್ಲ. ಇಷ್ಟು ವರ್ಷ ಅದನ್ನು ನೋಡಿಯೂ ನನಗೆ ಏನೂ ಅನಿಸಿರಲಿಲ್ಲ. ಆ ಮಧ್ಯಾಹ್ನ ಸಿಟ್ಟು ಬಂತು.

ಕುಂಕುಮದ ಬಟ್ಟಲು ಅಲ್ಲೇ ಇತ್ತು. ನನ್ನ ಒಂದೊಂದು ಬೆರಳಿಗೂ ಬೊಟ್ಟಿಟ್ಟುಕೊಂಡೆ.

“ಇವೂ ಪೂಜೆಗೆ ಕೂತ್ವು ಸಾರ್. ಕೆಲಸಕ್ಕೆ ಮುಟ್ಟೋ ಹಾಗಿಲ್ಲ.”

“ಅಧಿಕಪ್ರಸಂಗ!” ಎಂದರು ಭಟ್ಟರು. ಸರೋಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಗೊತ್ತಾಗಲಿಲ್ಲ.

“ಅಡುಗೆ ಅಂತ ಹೊಡೆದು ಎಂಟರ್ ಒತ್ತಿದ್ರೆ ಆಯ್ತು. ನೀವೇ ಒತ್ತಿ ಸಾರ್.”

ಬಸ್ಸು ಯಾರಿಗೂ ಕಾಯುವುದಿಲ್ಲ. ಭಟ್ಟರು ಹಾರವನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಹೊಡೆದರು. ಎಂಟರ್ ಒತ್ತಿದರು. ಪರದೆಯ ಮೇಲೆ ಫೈಲುಗಳ ಹೆಸರು ಸಾಲಾಗಿ ಓಡತೊಡಗಿತು. ಅವರು ಬಾಯಿ ಬಿಟ್ಟುಕೊಂಡು ನೋಡಿದರು.

“ಈಗ ನಾನು ಎಂತ ಮಾಡ್ಬೇಕು?”

“ಕೈಕಟ್ಕಂಡು ಕೂತ್ಕಳಿ ಸಾರ್.”

ಕೂತರು. ಇಡೀ ಕಚೇರಿ ನೋಡುವ ಹಾಗೆ, ಕೊನೆಯ ಫೈಲಿನವರೆಗೂ ಕೂತರು.

ದೀಪಾವಳಿ ಬಂತು, ಹೋಯಿತು. ಬರಬೇಡ ಎಂಬ ಮಾತು ಬರಲಿಲ್ಲ. ಅಡುಗೆ ಒತ್ತುವ ಹಕ್ಕನ್ನು ಭಟ್ಟರು ಯಾರಿಗೂ ಬಿಟ್ಟುಕೊಡಲಿಲ್ಲ. ನನಗೆ, “ಸಂಬಳದ ಪಟ್ಟಿಗೂ ಇಂಥದ್ದೊಂದು ಮಾಡಮ್ಮಾ” ಎಂದರು. ಕಡಿದ ಕೊಂಬೆ ಬೀಳಲೇ ಇಲ್ಲ ಎಂದು ಸರೋಜಕ್ಕನಿಗೆ ಇವತ್ತಿಗೂ ಆಶ್ಚರ್ಯ.

ಜಾತಕ ಆಮೇಲೆ ಒಂದು ದಿನ ಡ್ರೈವರ್ ಕೈಯಲ್ಲಿ ಹೋಗಿಯೇ ಹೋಯಿತು. ಆದರೆ ವರ್ಷವರ್ಷವೂ ಆಯುಧಪೂಜೆಯ ಬೆಳಿಗ್ಗೆ ನಾನು ಬೆರಳುಗಳಿಗೆ ಕುಂಕುಮ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತೇನೆ. ಹಬ್ಬಕ್ಕೆ ಬಂದ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಬೆರಳುಗಳಿಗೂ ಇಡುತ್ತೇನೆ. ಯಜಮಾನರು ಬಂದು, “ಅಡುಗೆ ಯಾರು ಮಾಡೋದು?” ಎನ್ನುತ್ತಾರೆ.

“ನಿಮ್ಮ ಕೈಗೆ ಇನ್ನೂ ಪೂಜೆ ಆಗಿಲ್ವಲ್ಲ” ಎನ್ನುತ್ತೇನೆ.